ಹಿತ್ತಿಲಿನಿಂದ ಅಡುಗೆಮನೆಗೆ: ಓದುಗರ ಪ್ರಶ್ನೆಗಳಿಗೆ ಉತ್ತರ

ಪತ್ತನಾಜೆ (ಮಳೆಗಾಲಕ್ಕೆ ಮುಂಚೆ, ಮೇ ಕೊನೆಯಲ್ಲಿ ಬರುವ ತುಳುನಾಡಿನ ಆಚರಣೆಯ ದಿನ) ಹತ್ತಿರ ಬರುತ್ತಿದ್ದಂತೆ ಪತ್ರಗಳ ಸಂಖ್ಯೆ ಏರುತ್ತದೆ. ಬೇಸಗೆಯ ತರಕಾರಿ ಮುಗಿಯುವುದು, ಹಲಸು ಬಲಿಯುವುದು, ಮಳೆಗಾಲದ ಬೀಜ ನೆಲಕ್ಕೆ ಬೀಳಬೇಕಾದದ್ದು ಎಲ್ಲವೂ ಇದೇ ಹೊತ್ತಿನಲ್ಲಿ. ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ಅಡೂರಿನ ತನಕದ ಓದುಗರು ಬರೆದಿದ್ದಾರೆ. ಒಂದೇ ಬಗೆಯ ಪ್ರಶ್ನೆಗಳನ್ನು ಒಟ್ಟು ಸೇರಿಸಿ ಉತ್ತರಿಸಿದ್ದೇನೆ. ಕೆಲವಕ್ಕೆ ಉದ್ದ ಬರೆದಿದ್ದೇನೆ, ಅವಸರ ಮಾಡದೆ ಓದಿ.

ಪ್ರಶ್ನೆ: ಅಕ್ಕಾ, ಹೊಸ ಮನೆಯ ಹಿಂದೆ ಹತ್ತು ಸೆಂಟ್ಸ್ ಜಾಗ ಉಳಿದಿದೆ. ಜೆಸಿಬಿಯಲ್ಲಿ ನೆಲ ಸಮತಟ್ಟು ಮಾಡಿಸುವಾಗ ಮೇಲ್ಮಣ್ಣು ಹೋಯಿತು, ಈಗ ಬರೀ ಮುರಮಣ್ಣು. ಕಳೆದ ಮಳೆಗಾಲದಲ್ಲಿ ಹಾಕಿದ ಬೆಂಡೆ ಗೇಣುದ್ದ ಬಂದು ಹಳದಿಯಾಯಿತು, ಹರಿವೆಯ ಎಲೆಯಲ್ಲಿ ಬಿಳಿ ಚುಕ್ಕೆ ಬಿದ್ದು ತೂತಾಯಿತು. ಪೇಟೆಯಿಂದ ಸಾವಯವ ಗೊಬ್ಬರದ ಚೀಲ ತಂದು ಸುರಿಯಲೇ? (ನೀರ್ಚಾಲಿನ ಗೃಹಿಣಿ)

ಉತ್ತರ: ಬೇಡ ತಂಗಿ, ಈಗಲೇ ಬೇಡ. ನಿಮ್ಮ ಮಣ್ಣಿಗೆ ಮೊದಲು ಬೇಕಾದದ್ದು ಸುಣ್ಣ, ಆಮೇಲೆ ಹೊದಿಕೆ, ಕೊನೆಗೆ ಗೊಬ್ಬರ. ನಮ್ಮಲ್ಲಿ ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗಿಂತ ಹೆಚ್ಚು ಮಳೆ ಬೀಳುತ್ತದೆ, ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಆ ನೀರು ಮುರಮಣ್ಣಿನಲ್ಲಿ ಇಳಿದು ಹೋಗುವಾಗ ಸುಣ್ಣದ ಅಂಶ, ಪೊಟ್ಯಾಷ್ ಎಲ್ಲವನ್ನೂ ಕರಗಿಸಿ ಒಯ್ಯುತ್ತದೆ. ಉಳಿಯುವುದು ಹುಳಿ ಮಣ್ಣು. ಹುಳಿ ಮಣ್ಣಿನಲ್ಲಿ ಗೊಬ್ಬರ ಎಷ್ಟು ಹಾಕಿದರೂ ಬೇರು ಅದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ದುಡ್ಡು ಕೊಟ್ಟು ತಂದ ಚೀಲ ಚರಂಡಿ ಸೇರುತ್ತದೆ.

ಮೊದಲ ಒಂದೆರಡು ಮಳೆ ಬಿದ್ದು ನೆಲ ಮೆತ್ತಗಾದ ಕೂಡಲೇ ಒಂದು ಸೆಂಟ್‌ಗೆ ಎರಡು ಕಿಲೋದಷ್ಟು ಸುಣ್ಣದ ಹುಡಿ ಎರಚಿ, ಹಾರೆಯಲ್ಲಿ ಕೊಚ್ಚಿ ಮಣ್ಣಿಗೆ ಸೇರಿಸಿ. ಹದಿನೈದು ದಿನ ಹಾಗೇ ಬಿಡಿ. ಸುಣ್ಣವನ್ನೂ ಹಟ್ಟಿಗೊಬ್ಬರವನ್ನೂ ಒಟ್ಟಿಗೆ ಹಾಕಬಾರದು. ಹಾಕಿದರೆ ಗೊಬ್ಬರದ ಸಾರಜನಕ ಅಮೋನಿಯವಾಗಿ ಗಾಳಿಗೆ ಹೋಗುತ್ತದೆ, ಮೂಗಿಗೆ ಹೊಡೆಯುವ ವಾಸನೆಯಿಂದಲೇ ಅದು ಗೊತ್ತಾಗುತ್ತದೆ. ಒಲೆಯ ಬೂದಿ ಇದ್ದರೆ ಅದೂ ಸುಣ್ಣದ ಕೆಲಸವನ್ನು ಸ್ವಲ್ಪ ಮಾಡುತ್ತದೆ, ಜೊತೆಗೆ ಪೊಟ್ಯಾಷ್ ಕೊಡುತ್ತದೆ. ಅದನ್ನೂ ಹಸಿ ಸಗಣಿಯೊಡನೆ ಕಲಸಬೇಡಿ.

ಆಮೇಲೆ ಹೊದಿಕೆ. ಆಟಿಯ (ಜುಲೈ-ಆಗಸ್ಟ್ ಹೊತ್ತಿನ ತುಳು ತಿಂಗಳು) ಮಳೆಗೆ ನೆಲ ಬೆತ್ತಲಾಗಿ ಇರಬಾರದು. ಅಡಿಕೆ ಸೋಗೆ, ತೆಂಗಿನ ಗರಿ, ಗೇರಿನ ತರಗೆಲೆ, ಹಲಸಿನ ಎಲೆ, ಸಿಕ್ಕಿದ್ದನ್ನೆಲ್ಲ ನಾಲ್ಕು ಬೆರಳಿನಷ್ಟು ದಪ್ಪಕ್ಕೆ ಹಾಸಿ. ಗಿಡದ ಬುಡದಿಂದ ಒಂದು ಗೇಣು ಬಿಟ್ಟು ಹಾಸಿದರೆ ಬುಡ ಕೊಳೆಯುವುದಿಲ್ಲ. ತರಗೆಲೆಯನ್ನು ಗುಡಿಸಿ ಬೆಂಕಿ ಹಾಕುವ ಮನೆಗಳನ್ನು ನೋಡುವಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಮೇಲ್ಮಣ್ಣು ಕಳೆದುಕೊಂಡ ನಿಮ್ಮಂಥವರಿಗೆ ಅದನ್ನು ಮತ್ತೆ ಕಟ್ಟಿಕೊಡುವುದು ಆ ಎಲೆಯೊಂದೇ. ತೆಂಗಿನ ಗರಿ ಬಹಳ ಇದ್ದರೆ ಎರೆಗೊಬ್ಬರ ಮಾಡಬಹುದು. ಗಟ್ಟಿ ಗರಿಯನ್ನು ತಿನ್ನುವ ಸ್ಥಳೀಯ ಎರೆಹುಳುವನ್ನು ಬಳಸುವ ಕ್ರಮವನ್ನು ನಮ್ಮ ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯವರೇ ರೂಪಿಸಿದ್ದಾರೆ. ಹತ್ತಿರದಲ್ಲೇ ಇದೆ, ಹೋಗಿ ನೋಡಿ.

ಗೊಬ್ಬರವನ್ನು ಒಂದೇ ಸಲ ರಾಶಿ ಹಾಕಬೇಡಿ. ಮಳೆಗಾಲದಲ್ಲಿ ಸ್ವಲ್ಪ ಸ್ವಲ್ಪವೇ, ಮಳೆ ಬಿಡುವು ಕೊಟ್ಟ ದಿನ, ಏರಿ ಮಾಡಿದ ಸಾಲಿನಲ್ಲಿ. ಹಳೆಯವರು ತರಗೆಲೆಯೊಡನೆ ಮಣ್ಣು ಸುಟ್ಟು ಸುಡುಮಣ್ಣು ಮಾಡಿ ಬದನೆಗೆ, ಬಸಳೆಗೆ ಹಾಕುತ್ತಿದ್ದುದೂ ಒಳ್ಳೆಯದೇ. ಆದರೆ ಅದಕ್ಕಾಗಿ ನಾಲ್ಕು ಬುಟ್ಟಿ ಎಲೆ ಸುಡುವ ಮೊದಲು, ನೆಲಕ್ಕೆ ಹಾಸಲು ಎಲೆ ಉಳಿಯುತ್ತದೆಯೇ ಎಂದು ನೋಡಿಕೊಳ್ಳಿ.

ಹರಿವೆಯ ವಿಷಯ. ಕೆಂಪು ಹರಿವೆಗೆ ಮಳೆಗಾಲದಲ್ಲಿ ಎಲೆಚುಕ್ಕೆ ರೋಗ ಬರುವುದು ಹೆಚ್ಚು, ಹಸಿರು ಹರಿವೆ ತಡೆದುಕೊಳ್ಳುತ್ತದೆ. ಎರಡನ್ನೂ ಬೆರೆಸಿ ಬಿತ್ತಿದರೆ ರೋಗ ಒಂದರಿಂದ ಇನ್ನೊಂದಕ್ಕೆ ಹಬ್ಬುವುದು ನಿಧಾನವಾಗುತ್ತದೆ. ನೀರನ್ನು ಎಲೆಯ ಮೇಲೆ ಚಿಮುಕಿಸದೆ ಬುಡಕ್ಕೆ ಕೊಡಿ. ನನ್ನನ್ನು ಕೇಳಿದರೆ ಆಟಿಯಲ್ಲಿ ಹರಿವೆ ಬೆಳೆಯುವ ಹಟವೇ ಬೇಡ. ಆಗ ಕೆಸು, ಬಸಳೆ, ತಗತೆ, ನುಗ್ಗೆ ಇವೆ. ಕೆಂಪು ಹರಿವೆಯನ್ನು ನವೆಂಬರ್ ನಂತರ ಬಿತ್ತಿ, ಆಗ ಅದರ ಬಣ್ಣವೇ ಬೇರೆ.

ಪ್ರಶ್ನೆ: ಹಾಗಲಕಾಯಿ ಬೆರಳುದ್ದ ಬರುವಾಗಲೇ ಸೊಟ್ಟಗಾಗಿ ಹಳದಿಯಾಗುತ್ತದೆ, ಕೊಯ್ದು ನೋಡಿದರೆ ಒಳಗೆ ಬಿಳಿ ಹುಳು. ತುಳಸಿ ಎಲೆ ಜಜ್ಜಿ ಕರಟದಲ್ಲಿಟ್ಟು ಚಪ್ಪರಕ್ಕೆ ಕಟ್ಟಿದೆ. ನೊಣ ಏನೋ ಬಂದು ಬೀಳುತ್ತದೆ, ಹಾಗಲದ ಹುಳು ಮಾತ್ರ ನಿಂತಿಲ್ಲ. (ಪೈವಳಿಕೆಯ ಓದುಗರು, ಬೋವಿಕ್ಕಾನ, ಮುಳ್ಳೇರಿಯದಿಂದಲೂ ಇದೇ ಪ್ರಶ್ನೆ)

ಉತ್ತರ: ಅಣ್ಣ, ತುಳಸಿಗೆ ಬಂದು ಬೀಳುವ ನೊಣ ಬೇರೆ, ಹಾಗಲಕ್ಕೆ ಮೊಟ್ಟೆ ಇಡುವ ನೊಣ ಬೇರೆ. ತುಳಸಿಯಲ್ಲಿರುವ ಮಿಥೈಲ್ ಯೂಜಿನಾಲ್ ಎಂಬ ಅಂಶದ ವಾಸನೆಗೆ ಮಾವಿನ ಹಣ್ಣಿನ ನೊಣದ ಗಂಡುಗಳು ಬರುತ್ತವೆ. ಹಾಗಲ, ಪಡವಲ, ಸೌತೆಯ ನೊಣ ಆ ವಾಸನೆಗೆ ತಲೆ ಹಾಕುವುದಿಲ್ಲ. ಅದಕ್ಕೆ ಕ್ಯೂ ಲ್ಯೂರ್ ಎಂಬ ಬೇರೆಯೇ ಆಕರ್ಷಕ ಬೇಕು. ಕೃಷಿ ಭವನದಲ್ಲೋ ಕೃಷಿ ವಿಜ್ಞಾನ ಕೇಂದ್ರದಲ್ಲೋ ವಿಚಾರಿಸಿ, ತರಕಾರಿಯ ನೊಣದ ಬಲೆ ಎಂದೇ ಕೇಳಿ. ಇಲ್ಲವಾದರೆ ಮಾವಿನದ್ದನ್ನೇ ಕೊಟ್ಟುಬಿಡುತ್ತಾರೆ.

ಆದರೆ ಬಲೆಗೆ ಬೀಳುವುದು ಗಂಡು ನೊಣ ಮಾತ್ರ. ಮೊಟ್ಟೆ ಇಡುವವಳು ಹೊರಗೇ ಇರುತ್ತಾಳೆ. ಆದ್ದರಿಂದ ಮನೆ ಖರ್ಚಿಗೆ ಬೆಳೆಯುವವರಿಗೆ ನಾನು ಹೇಳುವ ಮುಖ್ಯ ಉಪಾಯ ಕಾಯಿಗೆ ಅಂಗಿ ತೊಡಿಸುವುದು. ಬೆಳಗ್ಗೆ ಚಪ್ಪರದಡಿ ನಿಂತು ಹೂವನ್ನು ಹತ್ತಿರದಿಂದ ನೋಡಿ. ಹೆಣ್ಣು ಹೂವಿನ ಹಿಂದೆ ಅಕ್ಕಿ ಕಾಳಿಗಿಂತ ಸ್ವಲ್ಪ ದೊಡ್ಡದಾದ ಪುಟಾಣಿ ಹಾಗಲಕಾಯಿ ಆಗಲೇ ಇರುತ್ತದೆ, ಮೈ ಮೇಲೆ ಮುಳ್ಳಿನ ಗುರುತೂ ಇರುತ್ತದೆ. ಆ ಹೂ ಅರಳಿದ ದಿನ ಮುಟ್ಟಬೇಡಿ, ಜೇನು ಬಂದು ಹೋಗಲಿ. ಮರುದಿನ ಹೂವಿನ ಎಸಳು ಬಾಡಿ ಕಾಯಿಯ ತುದಿಗೆ ಅಂಟಿಕೊಂಡಿರುತ್ತದೆ. ಆಗ ಕಾಗದದ ಉದ್ದ ಚೀಲವನ್ನು ಕೆಳಗಿನಿಂದ ತೊಡಿಸಿ, ತೊಟ್ಟಿನ ಬಳಿ ಬಾಳೆಯ ನಾರಿನಿಂದ ಸಡಿಲವಾಗಿ ಕಟ್ಟಿ. ಬೆಳೆಯುವ ಕಾಯಿಗೆ ಜಾಗ ಇರಲಿ. ಎರಡು ದಿನ ತಡವಾದರೂ ನೊಣ ಸೂಜಿಯಂತೆ ಚುಚ್ಚಿ ಮೊಟ್ಟೆ ಇಟ್ಟಾಗಿರುತ್ತದೆ. ಚುಚ್ಚಿದ ಜಾಗದಲ್ಲಿ ಅಂಟಿನ ಹನಿಯೊಂದು ಕಾಣಿಸುತ್ತದೆ, ಅಂಥ ಕಾಯಿಗೆ ಚೀಲ ಕಟ್ಟಿ ಪ್ರಯೋಜನವಿಲ್ಲ. ಮಳೆಗಾಲಕ್ಕೆ ಕಾಗದ ನಿಲ್ಲುವುದಿಲ್ಲ, ಹಳೆಯ ಪಂಚೆಯ ಬಟ್ಟೆಯಲ್ಲಿ ಚೀಲ ಹೊಲಿದುಕೊಳ್ಳಿ.

ಬಿದ್ದ ಕಾಯಿಯನ್ನು ಏನು ಮಾಡುತ್ತೀರಿ ಎಂಬುದು ಇನ್ನೂ ಮುಖ್ಯ. ಹೆಚ್ಚಿನವರು ಗೊಬ್ಬರದ ಗುಂಡಿಗೆ ಎಸೆಯುತ್ತಾರೆ. ಹುಳು ಅಲ್ಲಿಂದ ಮಣ್ಣಿಗಿಳಿದು ಕೋಶ ಕಟ್ಟಿ ಕೆಲವೇ ವಾರಗಳಲ್ಲಿ ನೊಣವಾಗಿ ಮತ್ತೆ ಚಪ್ಪರಕ್ಕೆ ಬರುತ್ತದೆ. ಹುಳು ಬಿದ್ದ ಕಾಯಿಯನ್ನೆಲ್ಲ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಕೆಲವು ದಿನ ಬಿಸಿಲಿಗೆ ಇಡಿ, ಅಥವಾ ಮುಚ್ಚಳವಿರುವ ಬಕೆಟ್ ನೀರಿನಲ್ಲಿ ಮುಳುಗಿಸಿಡಿ, ಆಮೇಲೆ ಗುಂಡಿಗೆ ಹಾಕಿ. ಚಪ್ಪರದ ಬುಡದ ಮಣ್ಣನ್ನು ಆಗಾಗ ಮೇಲಿಂದ ಮೇಲೆ ಕೆದಕಿ ಬಿಟ್ಟರೆ ಕೋಳಿಯೂ ಇರುವೆಯೂ ಉಳಿದ ಕೆಲಸ ಮಾಡುತ್ತವೆ. ನೆರೆಮನೆಯವರೂ ಇದನ್ನು ಮಾಡಬೇಕು. ನಿಮ್ಮ ಬೇಲಿ ನೊಣಕ್ಕೆ ಲೆಕ್ಕವಲ್ಲ.

ಕರಟದಲ್ಲಿ ಬಾಳೆಹಣ್ಣು, ಬೆಲ್ಲ ಇಟ್ಟು ಅದರ ಮೇಲೆ ವಿಷದ ಹರಳು ಎರಚಿ ತೂಗಿಸುವ ಕ್ರಮ ಕೆಲವರಲ್ಲಿದೆ. ಮಕ್ಕಳು, ಕೋಳಿ, ಅಳಿಲು ಓಡಾಡುವ ಹಿತ್ತಿಲಿನಲ್ಲಿ ಇದನ್ನು ದಯವಿಟ್ಟು ಮಾಡಬೇಡಿ.

ಪ್ರಶ್ನೆ: ಅಲಸಂಡೆಯ ಕುಡಿಗೆ ಕಪ್ಪು ಹೇನು ಮುತ್ತಿದೆ. ಹೊಗೆಸೊಪ್ಪು ಕುದಿಸಿ ಕಷಾಯ ಮಾಡಿ ಹೊಡೆದರೆ ಒಂದೇ ದಿನದಲ್ಲಿ ಸಾಯುತ್ತದೆ, ಅದೂ ಗಿಡದ್ದೇ ರಸವಲ್ಲವೇ, ರಾಸಾಯನಿಕವಲ್ಲ ಎಂದು ಗೆಳೆಯರು ಹೇಳುತ್ತಾರೆ. ನೀವು ಹಿಂದೊಮ್ಮೆ ಬೇಡವೆಂದು ಬರೆದ ನೆನಪು. ಇಷ್ಟು ಕಟ್ಟುನಿಟ್ಟು ಏಕೆ? (ಪೆರ್ಲದ ನಿವೃತ್ತ ಶಿಕ್ಷಕರು)

ಉತ್ತರ: ಮಾಸ್ತರರೇ, ಗಿಡದ ರಸವೆಂಬುದು ನಿಜ. ಆ ರಸದಲ್ಲಿರುವುದು ನಿಕೋಟಿನ್. ಅದು ಕುಡಿದರೆ ಮಾತ್ರವಲ್ಲ, ಚರ್ಮದ ಮೂಲಕವೂ ಮೈಗೆ ಇಳಿಯುತ್ತದೆ. ಹೊಸದುರ್ಗದ ಕರಾವಳಿಯ ಹೊಯಿಗೆಯಲ್ಲಿ ಹಿಂದೆ ಹೊಗೆಸೊಪ್ಪು ಬೆಳೆಯುತ್ತಿದ್ದರಲ್ಲ, ಒದ್ದೆ ಎಲೆಯನ್ನು ಬರಿಗೈಯಲ್ಲಿ ಕೊಯ್ದು ಹೊರುವ ಕೆಲಸದಲ್ಲಿ ತಲೆಸುತ್ತು, ವಾಂತಿ ಬರುವುದು ಲೋಕದಲ್ಲೆಲ್ಲ ಕಂಡದ್ದೇ. ಅದನ್ನು ಕುದಿಸಿ ಗಟ್ಟಿ ಮಾಡಿ, ಗಾಳಿಗೆ ಮುಖ ಮಾಡಿ ಸಿಂಪಡಿಸುವುದೆಂದರೆ ಯೋಚಿಸಿ. ಹೇನಿನ ಜೊತೆಗೆ ಹೇನು ತಿನ್ನುವ ಗುಲಗಂಜಿ ಹುಳು, ಹೂವಿಗೆ ಬಂದ ಜೇನು ಎಲ್ಲವೂ ಸಾಯುತ್ತವೆ. ಹೇನು ಮಾತ್ರ ಮುಂದಿನ ವಾರವೇ ಮತ್ತೆ ಬರುತ್ತದೆ, ತಿನ್ನುವವರು ಇಲ್ಲದ್ದರಿಂದ ಇನ್ನಷ್ಟು ಬರುತ್ತದೆ.

ಮುತ್ತಿದ ಕುಡಿಯನ್ನು ಚಿವುಟಿ ಸಾಬೂನು ನೀರಿಗೆ ಹಾಕಿ. ಇಬ್ಬನಿ ಇರುವಾಗಲೇ ಜರಡಿ ಹಿಡಿದ ಒಲೆ ಬೂದಿಯನ್ನು ಕುಡಿಗೆ ಎರಚಿ. ಇರುವೆ ಸಾಲು ಹತ್ತುತ್ತಿದ್ದರೆ ಅದನ್ನು ಮೊದಲು ತಡೆಯಿರಿ. ಹೇನಿನ ಸಿಹಿ ದ್ರವದ ಆಸೆಗೆ ಇರುವೆ ಅವುಗಳನ್ನು ಕಾಯುತ್ತದೆ, ಗುಲಗಂಜಿ ಹುಳುವನ್ನು ಓಡಿಸುತ್ತದೆ. ಇಷ್ಟಕ್ಕೂ ನಿಲ್ಲದಿದ್ದರೆ ಒಂದು ಲೀಟರ್ ನೀರಿಗೆ 20 ಮಿಲಿಲೀಟರ್ ಬೇವಿನ ಎಣ್ಣೆ, 20 ಗ್ರಾಂ ಬೆಳ್ಳುಳ್ಳಿಯ ರಸ, ಸ್ವಲ್ಪ ಬಾರ್ ಸಾಬೂನು ಕರಗಿಸಿ, ಚೆನ್ನಾಗಿ ಕಲಕಿ, ಜೇನು ಮರಳಿದ ಮೇಲೆ ಸಂಜೆ ಸಿಂಪಡಿಸಿ. ಎಲೆಯ ಅಡಿಭಾಗಕ್ಕೆ ತಾಗಬೇಕು. ಕೊಯ್ಯುವುದು ಆಮೇಲೆ ಕೆಲವು ದಿನ ಬಿಟ್ಟು.

ಕಟ್ಟುನಿಟ್ಟು ಏಕೆ ಎಂದು ಕೇಳಿದಿರಿ. ನೀವು ಎಣ್ಮಕಜೆಯ (ಪೆರ್ಲ ಇರುವ ಪಂಚಾಯತು) ಮಣ್ಣಿನವರು, ನಿಮಗೆ ಗೊತ್ತಿಲ್ಲದ್ದೇನೂ ಅಲ್ಲ. ಆದರೂ ಕಿರಿಯ ಓದುಗರಿಗಾಗಿ ಬರೆಯುತ್ತೇನೆ. 1970ರ ದಶಕದ ಕೊನೆಯಿಂದ 2000ದ ತನಕ ನಮ್ಮ ಗುಡ್ಡೆಗಳ ಗೇರು ತೋಟಕ್ಕೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸುರಿದರು. ಹೊಡೆಯುತ್ತಿದ್ದದ್ದು ಗೇರಿನ ಚಿಗುರು ಹೀರುವ ‘ಚಹಾ ಸೊಳ್ಳೆ’ ಎಂಬ ಕೀಟಕ್ಕೆ. ಬಾವಿ ಮುಚ್ಚಿಕೊಳ್ಳಿ ಎಂದು ಹೇಳುತ್ತಿದ್ದರು. ಆದರೆ ನಮ್ಮಲ್ಲಿ ಎಷ್ಟು ಮನೆಗಳಿಗೆ ಬಾವಿ ಇತ್ತು? ಗುಡ್ಡೆಗೆ ಅಡ್ಡಲಾಗಿ ಕೊರೆದ ಸುರಂಗದಿಂದ ನೀರು ಅಡಿಕೆ ಮರ ಸೀಳಿದ ದಂಬೆಯಲ್ಲಿ ಹರಿದು ಅಂಗಳದ ಕೆರೆಗೆ ಬರುತ್ತಿತ್ತು. ಸುರಂಗವನ್ನು ಯಾವುದರಿಂದ ಮುಚ್ಚುವುದು? ಮುರಕಲ್ಲಿನ ಗುಡ್ಡೆಯ ತಲೆಯ ಮೇಲೆ ಬಿದ್ದ ನೀರು ಇಂಗಿ ಇಂಗಿ ಅದೇ ಸುರಂಗಕ್ಕೆ ಇಳಿಯುತ್ತದೆ. ಮೇಲೆ ಎರಚಿದ್ದನ್ನು ಕೆಳಗಿನವರು ಕುಡಿದರು, ಹಸು ಕುಡಿಯಿತು, ಹಾಲು ಮಕ್ಕಳು ಕುಡಿದರು. ಜೇನು ಪೆಟ್ಟಿಗೆಗಳು ಬರಿದಾದದ್ದನ್ನು, ತೊಟ್ಟಿಲು ಬಿಟ್ಟು ಏಳಲಾಗದ ಮಕ್ಕಳನ್ನು ಈ ಊರು ನೋಡಿತು. 2011ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಅದನ್ನು ತಡೆಯಿತು. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು 2017ರ ಜನವರಿಯಲ್ಲಿ ಅದೇ ಕೋರ್ಟ್ ಹೇಳಿತು. ಅಷ್ಟರಲ್ಲಿ ಒಂದು ಪೀಳಿಗೆಯೇ ಕಳೆದಿತ್ತು.

ಆ ಕಾಲದಲ್ಲಿ ಕೂಡ ಏನೂ ಆಗುವುದಿಲ್ಲ ಎಂದೇ ಹೇಳಿದ್ದರು. ಹಾಗಾಗಿ ಯಾರಾದರೂ ಬಾಟಲಿ ತೋರಿಸಿ ಇದು ನಿರಪಾಯಕಾರಿ, ಇದು ಸಹಜ, ಇದು ಸಾವಯವ ಎಂದಾಗ ನಾನು ಕೇಳುವುದು ಮೂರೇ ಪ್ರಶ್ನೆ: ಒಳಗೆ ಏನಿದೆ? ಯಾರನ್ನು ಕೊಲ್ಲುತ್ತದೆ? ಮಳೆ ಬಂದರೆ ಎಲ್ಲಿಗೆ ಹೋಗುತ್ತದೆ? ಹೊಗೆಸೊಪ್ಪಿನ ಕಷಾಯಕ್ಕೂ ಅದೇ ಪ್ರಶ್ನೆ, ಬಣ್ಣದ ಲೇಬಲ್ ಅಂಟಿಸಿದ, ಒಳಗಿನದ್ದರ ಹೆಸರೇ ಬರೆಯದ ‘ಸಾವಯವ ಟಾನಿಕ್’ಗೂ ಅದೇ ಪ್ರಶ್ನೆ. ಉತ್ತರ ಸಿಗದಿದ್ದರೆ ನನ್ನ ಹಿತ್ತಿಲಿಗೆ ಅದು ಬರುವುದಿಲ್ಲ.

ಪ್ರಶ್ನೆ: ಚಕ್ರಮುನಿ ಸೊಪ್ಪು ವಿಟಮಿನ್‌ಗಳ ಖಜಾನೆ ಎಂದು ಮೊಬೈಲ್‌ನಲ್ಲಿ ನೋಡಿ ದಿನಾ ಬೆಳಗ್ಗೆ ಹಸಿ ಸೊಪ್ಪಿನ ಜ್ಯೂಸ್ ಕುಡಿಯುತ್ತಿದ್ದೇನೆ. ತೂಕ ಇಳಿಯುತ್ತದಂತೆ. ಮುಂದುವರಿಸಬಹುದೇ? (ಉಪ್ಪಳದ ಯುವತಿ)

ಉತ್ತರ: ಇಂದೇ ನಿಲ್ಲಿಸಮ್ಮಾ. 1990ರ ದಶಕದ ಮಧ್ಯದಲ್ಲಿ ತೈವಾನ್‌ನಲ್ಲಿ ಇದೇ ತೂಕ ಇಳಿಸುವ ಆಸೆಯಿಂದ ಬಹಳ ಜನ ಇದೇ ಸೊಪ್ಪಿನ ಹಸಿ ರಸವನ್ನು ವಾರಗಟ್ಟಲೆ ಕುಡಿದರು. ಹಲವರ ಶ್ವಾಸಕೋಶದ ಸಣ್ಣ ಕೊಳವೆಗಳು ಮುಚ್ಚಿಹೋಗಿ ಉಸಿರಾಟ ಕೆಟ್ಟಿತು, ಮತ್ತೆ ಸರಿಯಾಗಲಿಲ್ಲ. ಕೆಲವರಿಗೆ ಶ್ವಾಸಕೋಶದ ಕಸಿಯನ್ನೇ ಮಾಡಬೇಕಾಯಿತು. ನಿಮಗೆ ಈಗ ಕೆಮ್ಮು, ಮೆಟ್ಟಿಲು ಹತ್ತುವಾಗ ದಮ್ಮು ಏನಾದರೂ ಇದ್ದರೆ ತಡ ಮಾಡದೆ ವೈದ್ಯರಿಗೆ ತೋರಿಸಿ, ಜ್ಯೂಸ್ ಕುಡಿದದ್ದನ್ನು ಮುಚ್ಚಿಡದೆ ಹೇಳಿ.

ಬೇಲಿಯ ಗಿಡವನ್ನು ಕಡಿದು ಹಾಕುವುದೂ ಬೇಡ. ಬೇಯಿಸಿ, ತೆಂಗಿನಕಾಯಿ ಹಾಕಿ ಪಲ್ಯವನ್ನೋ ತೊಗರಿಬೇಳೆಯೊಡನೆ ಹುಳಿಯನ್ನೋ ಎಂದಾದರೊಮ್ಮೆ ಮಾಡಿ ಊಟದಲ್ಲಿ ತಿನ್ನುವ ಸೊಪ್ಪು ಅದು. ನಮ್ಮ ಅಡುಗೆಯಲ್ಲಿ ಸೊಪ್ಪು ದಿನಕ್ಕೊಂದು ಬದಲಾಗುತ್ತಿತ್ತು, ಇವತ್ತು ಒಂದೆಲಗದ ತಂಬುಳಿ, ನಾಳೆ ಬಸಳೆ, ನಾಡಿದ್ದು ನುಗ್ಗೆ. ಯಾವುದೇ ಸೊಪ್ಪನ್ನು ಔಷಧಿಯಂತೆ ದಿನವೂ ಲೋಟಗಟ್ಟಲೆ ಕುಡಿದವರಿಲ್ಲ.

ಪ್ರಶ್ನೆ: ಮನೆಯಲ್ಲೇ ಕೊಬ್ಬರಿ ಒಣಗಿಸಿ ಗಾಣದಲ್ಲಿ ಎಣ್ಣೆ ತೆಗೆಸುತ್ತೇವೆ. ಎರಡು ತಿಂಗಳಿಗೇ ಕಮಟು ವಾಸನೆ ಬರುತ್ತದೆ. (ಬಾಯಾರಿನ ಓದುಗರು)

ಉತ್ತರ: ಕೊಬ್ಬರಿಯಲ್ಲಿ ನೀರು ಉಳಿದಿದೆ. ತೇವಾಂಶ ಶೇಕಡಾ 6ಕ್ಕೆ ಇಳಿಯುವ ತನಕ ಒಣಗಬೇಕು. ತೇವ ಅಳೆಯುವ ಯಂತ್ರವಿಲ್ಲದವರು ಕೈಯಲ್ಲಿ ಮುರಿದು ನೋಡಿ: ಬಾಗದೆ ಚಟ್ಟನೆ ಮುರಿಯಬೇಕು. ರಾತ್ರಿ ಅಂಗಳದಲ್ಲಿ ಬಿಡಬೇಡಿ, ಇಬ್ಬನಿ ಕುಡಿಯುತ್ತದೆ. ಬೂಸಲು ಹಿಡಿದ ಹೋಳು ಒಂದಿದ್ದರೂ ತೆಗೆದು ಬಿಸಾಡಿ, ಕೆರೆದು ಹಾಕುವುದು ಬೇಡ. ಎಣ್ಣೆ ತಂದ ಮೇಲೆ ಅಲುಗಾಡಿಸದೆ ಕೆಲವು ದಿನ ಇಟ್ಟು, ತಳದ ಮಡ್ಡಿ ಬಿಟ್ಟು ತಿಳಿಯನ್ನು ಒಣಗಿದ ಸ್ಟೀಲ್ ಪಾತ್ರೆಗೆ ಕಂಠದ ತನಕ ತುಂಬಿಸಿ. ಬಣ್ಣ ಬೆಳ್ಳಗೆ ಉಳಿಯಲೆಂದು ಗಂಧಕದ ಹೊಗೆ ಕೊಟ್ಟ ಕೊಬ್ಬರಿಯನ್ನು ಮಾತ್ರ ತಿನ್ನುವ ಎಣ್ಣೆಗೆ ಬಳಸಬೇಡಿ.

ಪ್ರಶ್ನೆ: ಅಮ್ಮ ಮಾಡುತ್ತಿದ್ದ ಉಪ್ಪುಸೊಳೆ (ಉಪ್ಪಿನಲ್ಲಿ ಹಾಕಿಟ್ಟ ಹಲಸಿನ ಸೊಳೆ) ವರ್ಷ ಪೂರ್ತಿ ಕೆಡುತ್ತಿರಲಿಲ್ಲ. ನಾನು ಮಾಡಿದರೆ ಮೇಲೆ ಬಿಳಿ ಪೊರೆ ಬಂದು ಸೊಳೆ ಮೆತ್ತಗಾಗುತ್ತದೆ. ಈಗ ಕೇಳೋಣವೆಂದರೆ ಅಮ್ಮ ಇಲ್ಲ. ಪೇಟೆಯ ಫ್ಲ್ಯಾಟಿನಲ್ಲಿ ಇದು ಆಗದ ಕೆಲಸವೇ? (ಕಾಸರಗೋಡಿನ ಓದುಗರು)

ಉತ್ತರ: ಆಗುತ್ತದೆ ತಂಗಿ, ಖಂಡಿತ ಆಗುತ್ತದೆ. ಮೊದಲು ಹಲಸನ್ನು ಆರಿಸುವುದು. ಪೂರ್ತಿ ಬಲಿತಿರಬೇಕು, ಹಣ್ಣಿನ ವಾಸನೆ ಮಾತ್ರ ಸುಳಿದಿರಬಾರದು. ಸೊಳೆ ಒಂದಿಷ್ಟು ಹಳದಿಗೆ ತಿರುಗಿದರೂ ಅದರಲ್ಲಿ ಸಿಹಿ ಬಂದಿದೆ ಎಂದರ್ಥ, ಅದು ಹಪ್ಪಳಕ್ಕೂ ಆಗದು, ಉಪ್ಪಿಗೂ ಆಗದು. ಅಂಬಲಿ ಹಲಸು ಬೇಡ, ಗಟ್ಟಿ ಸೊಳೆಯ ಬಕ್ಕೆಯೇ ಆಗಬೇಕು.

ಸೊಳೆಯನ್ನು ತೊಳೆಯಬೇಡಿ. ಮೇಣ ಒರೆಸಿ, ಬೇಳೆ (ಹಲಸಿನ ಬೀಜ) ತೆಗೆದು, ಉದ್ದಕ್ಕೆ ಸೀಳಿ. ನಾನು ಹಾಕುವ ಲೆಕ್ಕ ಐದು ಸೇರು ಸೊಳೆಗೆ ಒಂದು ಸೇರು ಹರಳುಪ್ಪು. ದೊಡ್ಡ ಪಾತ್ರೆಯಲ್ಲಿ ಕೈಯಾರೆ ಕಲಸಿ ರಾತ್ರಿ ಬಿಟ್ಟರೆ ಬೆಳಗ್ಗೆ ಸೊಳೆ ನೀರು ಬಿಟ್ಟು ಕುಗ್ಗಿರುತ್ತದೆ. ಆಗ ಭರಣಿಗೆ ತುಂಬಿಸಿ, ಮುಷ್ಟಿಯಿಂದ ಒತ್ತಿ ಒತ್ತಿ, ನಡುವೆ ಗಾಳಿ ಉಳಿಯದಂತೆ. ಎಲ್ಲ ಇರುವುದು ಈ ಒತ್ತುವುದರಲ್ಲೇ. ಅದೇ ಉಪ್ಪು ನೀರು ಸೊಳೆಯ ಮೇಲೆ ಎರಡು ಬೆರಳು ನಿಲ್ಲಬೇಕು, ಕಡಿಮೆಯಾದರೆ ಗಟ್ಟಿ ಉಪ್ಪು ನೀರು ಕಾಯಿಸಿ ಆರಿಸಿ ಹಾಕಿ. ಮೇಲೆ ಬಾಡಿಸಿದ ಬಾಳೆಲೆ, ಅದರ ಮೇಲೆ ತೊಳೆದು ಒಣಗಿಸಿದ ಹೊಳೆಯ ಕಲ್ಲು ಅಥವಾ ನೀರು ತುಂಬಿದ ಗಾಜಿನ ಬಾಟಲಿ. ಕಬ್ಬಿಣ ಬೇಡ, ಅಲ್ಯೂಮಿನಿಯಂ ಬೇಡ. ನಿಮ್ಮ ಬಿಳಿ ಪೊರೆ ಗಾಳಿ ತಾಗಿದ ಮೇಲ್ಭಾಗದಲ್ಲಿ ಬಂದದ್ದು. ಉಪ್ಪು ಕಡಿಮೆಯಾಗಿ, ಭಾರ ಇಲ್ಲದೆ ಸೊಳೆ ತೇಲಿದೆ. ತೆಳ್ಳಗಿನ ಬಿಳಿ ಪೊರೆಯನ್ನು ತೆಗೆದುಹಾಕಿ ಉಪ್ಪು ಸೇರಿಸಬಹುದು. ಸೊಳೆ ಲೋಳೆಯಾಗಿದ್ದರೆ, ಕಪ್ಪು ಅಥವಾ ಹಸಿರು ಬೂಸಲು ಬಂದಿದ್ದರೆ ಇಡೀ ಭರಣಿಯನ್ನು ಚೆಲ್ಲಬೇಕು.

ತೆಗೆಯುವಾಗ ಒಣಗಿದ ಮರದ ಸೌಟು. ಅಡುಗೆಗೆ ಮೊದಲು ನೀರಿನಲ್ಲಿ ನೆನೆಹಾಕಿ, ಎರಡು ಮೂರು ಸಲ ನೀರು ಬದಲಿಸಿ ಹಿಂಡಿ. ಹಾಗೆ ಮಾಡಿದರೂ ಉಪ್ಪು ಸ್ವಲ್ಪ ಉಳಿಯುತ್ತದೆ. ಮನೆಯಲ್ಲಿ ರಕ್ತದೊತ್ತಡದವರಿದ್ದರೆ ಅವರಿಗೆ ಅಂದು ಬೇರೆ ಪಲ್ಯ ಮಾಡಿ. ಪಲ್ಯಕ್ಕೂ ರೊಟ್ಟಿಗೂ ಮತ್ತೆ ಉಪ್ಪು ಬೇಡ. ಮಕ್ಕಳಿಗೆ ಸಂಜೆ ಪೊಟ್ಟಣದ ತಿಂಡಿ ಬಿಡಿಸಬೇಕಿದ್ದರೆ ಉಂಡ್ಲಕಾಳು ಮಾಡಿ: ಹಿಂಡಿದ ಸೊಳೆ, ನೆನೆಸಿದ ಬೆಳ್ತಿಗೆ ಅಕ್ಕಿ, ತೆಂಗಿನ ತುರಿ, ಜೀರಿಗೆ, ನೀರು ಹಾಕದಷ್ಟು ಗಟ್ಟಿಯಾಗಿ ರುಬ್ಬಿ, ನೆಲ್ಲಿಕಾಯಿಗಿಂತ ಸಣ್ಣ ಉಂಡೆ ಕಟ್ಟಿ, ತೆಂಗಿನೆಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಕರಿಯಿರಿ. ಉಂಡೆಯ ಸದ್ದು ಅಡಗಿ, ಸೌಟಿನಲ್ಲಿ ಅಲುಗಿಸಿದಾಗ ಕಲ್ಲಿನಂತೆ ಕಟಕಟ ಎನ್ನುವ ತನಕ ತೆಗೆಯಬೇಡಿ. ಡಬ್ಬದಲ್ಲಿ ಹಲವು ದಿನ ಗರಿಗರಿಯಾಗಿರುತ್ತದೆ.

ಪ್ರಶ್ನೆ: ಪ್ರತಿ ವರ್ಷ ಸಾಂಬಾರು ಸೌತೆಯ ಬೀಜ ಕೊಂಡು ತರುವುದೇ ಆಯಿತು. ಮನೆ ಬೀಜ ಇಡುವುದು ಹೇಗೆ? (ಕುಂಬಳೆಯ ಓದುಗರು)

ಉತ್ತರ: ಹೈಬ್ರಿಡ್ ಎಂದು ಬರೆದ ಪೊಟ್ಟಣದ ಕಾಯಿಯಿಂದ ಬೀಜ ಇಡಬೇಡಿ, ಮುಂದಿನ ಬೆಳೆ ತಾಯಿಯಂತೆ ಬರುವುದಿಲ್ಲ. ಊರ ಸೌತೆ ಬೆಳೆದವರಿಂದ ಒಂದು ಕಾಯಿ ಕೇಳಿ ತನ್ನಿ, ನಮ್ಮ ಕಡೆ ಇಲ್ಲವೆನ್ನುವವರು ಕಡಿಮೆ. ನಿಮ್ಮ ಬಳ್ಳಿಯಲ್ಲಿ ನಡುಗಾಲದಲ್ಲಿ ಬಿಟ್ಟ, ರೋಗವಿಲ್ಲದ, ಆಕಾರ ಚೆನ್ನಾಗಿರುವ ಕಾಯಿಯನ್ನು ಬಳ್ಳಿ ಒಣಗುವ ತನಕ ಕೊಯ್ಯದೆ ಬಿಡಿ. ಹತ್ತಿರದಲ್ಲಿ ಮುಳ್ಳುಸೌತೆ ಇದ್ದರೆ ಚಿಂತೆ ಬೇಡ, ಅದು ಬೇರೆ ಜಾತಿ, ಬೆರಕೆಯಾಗುವುದಿಲ್ಲ. ಇಬ್ಬುಡಲ ಅಥವಾ ಕರಬೂಜ ಇದ್ದರೆ ದೂರವಿಡಿ. ಅವು ಸಾಂಬಾರು ಸೌತೆಯ ಜಾತಿಯವೇ, ಜೇನು ಬೆರಕೆ ಮಾಡಿಬಿಡುತ್ತದೆ.

ಕೊಯ್ದ ಕಾಯಿಯನ್ನು ಬಾಳೆಯ ಹಗ್ಗದಲ್ಲಿ ಸುತ್ತಿ ಗಾಳಿ ಆಡುವಲ್ಲಿ ತೂಗುಹಾಕಿ, ಕೆಲವು ವಾರ ಕಳೆದ ಮೇಲೆ ಬೀಜ ತೆಗೆಯಿರಿ. ತಿರುಳು ಸಮೇತ ನೀರಿನಲ್ಲಿ ಒಂದೆರಡು ದಿನ ಬಿಟ್ಟು ತೊಳೆದರೆ ಲೋಳೆ ಹೋಗುತ್ತದೆ, ಜೊಳ್ಳು ತೇಲುತ್ತದೆ. ಮುಳುಗಿದ್ದನ್ನು ಮಾತ್ರ ಬೂದಿಯಲ್ಲಿ ಹೊರಳಿಸಿ, ಎಳೆ ಬಿಸಿಲಿಗೆ ಒಣಗಿಸಿ, ಕಾಗದದ ಪೊಟ್ಟಣ ಕಟ್ಟಿ, ಬಿಗಿ ಮುಚ್ಚಳದ ಡಬ್ಬದಲ್ಲಿಡಿ. ಪೊಟ್ಟಣದ ಮೇಲೆ ವರ್ಷವನ್ನೂ ಬೀಜ ಕೊಟ್ಟ ಮನೆಯ ಹೆಸರನ್ನೂ ಬರೆದಿಡಿ. ಮಳೆಗಾಲದಲ್ಲಿ ಡಬ್ಬ ತೆರೆಯಬೇಡಿ.